ಒಂದೇ ಸೂರು, ಒಂದೇ ಗಾಳಿ: ಕ್ಷಯರೋಗ ಮತ್ತು ಮನೆಯ ಊಟ

ಒಂದು ಮನೆಯಲ್ಲಿ ಐದು ಜನರಿದ್ದಾರೆ ಎಂದು ಭಾವಿಸೋಣ. ಎಲ್ಲರೂ ಒಂದೇ ಕೋಣೆಯಲ್ಲಿ ಮಲಗುತ್ತಾರೆ, ಒಂದೇ ಗಾಳಿಯನ್ನು ಉಸಿರಾಡುತ್ತಾರೆ. ತಂದೆಗೆ ಕ್ಷಯರೋಗ ಬಂದಿದೆ. ಒಂದೆರಡು ವರ್ಷಗಳಲ್ಲಿ ಮಗಳಿಗೂ ಅದೇ ರೋಗ ಅಂಟುತ್ತದೆ. ಉಳಿದ ಮೂವರಿಗೆ ಏನೂ ಆಗುವುದಿಲ್ಲ. ಇದೇಕೆ ಹೀಗೆ?

"ಅವರವರ ಹಣೆಬರಹ" ಎಂದು ಕೆಲವರು ಹೇಳುತ್ತಾರೆ. "ದೇವರ ಚಿತ್ತ" ಎಂದು ಇನ್ನು ಕೆಲವರು ಹೇಳುತ್ತಾರೆ. ಪ್ರಿಯ ಓದುಗರೇ, ನಮ್ಮ ಕೈಯಲ್ಲೇ ಇರುವ ಕೆಲಸವನ್ನು ಮಾಡದೆ ಬಿಟ್ಟು ಅದರ ಫಲವನ್ನು ದೇವರ ಮೇಲೆ ಹೊರಿಸುವುದು ಭಕ್ತಿಯಲ್ಲ. ಈ ಪ್ರಶ್ನೆಗೆ ಉತ್ತರವನ್ನು ಇತ್ತೀಚಿನ ವರ್ಷಗಳಲ್ಲಿ ನಮ್ಮ ದೇಶದಲ್ಲಿಯೇ ಹುಡುಕಲಾಗಿದೆ. ಆ ಉತ್ತರದ ಒಂದು ದೊಡ್ಡ ಭಾಗ ನಮ್ಮ ಅಡುಗೆಮನೆಯಲ್ಲಿದೆ.

ರೋಗಾಣು ಮತ್ತು ರೋಗ

ಕ್ಷಯರೋಗಕ್ಕೆ ಕಾರಣವಾದ ಬ್ಯಾಕ್ಟೀರಿಯಾವನ್ನು ಕಂಡುಹಿಡಿದ ಸುದ್ದಿಯನ್ನು ಜರ್ಮನಿಯ ವೈದ್ಯ ರಾಬರ್ಟ್ ಕಾಕ್ 1882ರ ಮಾರ್ಚ್ 24ರಂದು ಜಗತ್ತಿಗೆ ತಿಳಿಸಿದರು. ಅದೇ ದಿನವನ್ನು ಇಂದು ವಿಶ್ವ ಕ್ಷಯರೋಗ ದಿನವೆಂದು ಆಚರಿಸುತ್ತೇವೆ. ಆದರೆ ರೋಗಾಣು ದೇಹವನ್ನು ಹೊಕ್ಕ ಮಾತ್ರಕ್ಕೆ ರೋಗ ಬರಲೇಬೇಕೆಂದಿಲ್ಲ. ಜಗತ್ತಿನ ಜನರಲ್ಲಿ ಸುಮಾರು ನಾಲ್ಕನೆಯ ಒಂದು ಭಾಗಕ್ಕೆ ಈ ಸೋಂಕು ತಗುಲಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಅಂಥವರಲ್ಲಿ ನೂರಕ್ಕೆ ಐದರಿಂದ ಹತ್ತು ಮಂದಿಗೆ ಮಾತ್ರ ಜೀವಮಾನದಲ್ಲಿ ಎಂದಾದರೂ ರೋಗ ಕಾಣಿಸಿಕೊಳ್ಳುತ್ತದೆ. ಉಳಿದವರ ದೇಹ ರೋಗಾಣುವನ್ನು ಹಿಡಿತದಲ್ಲಿಟ್ಟುಕೊಳ್ಳುತ್ತದೆ.

ತತ್ವಶಾಸ್ತ್ರದ ಪಾಠದಲ್ಲಿ ಕಾರಣಗಳ ಬಗ್ಗೆ ಒಂದು ಮಾತು ಬರುತ್ತದೆ. ಯಾವುದಿಲ್ಲದೆ ಕಾರ್ಯ ನಡೆಯುವುದಿಲ್ಲವೋ ಅದು ಅಗತ್ಯವಾದ ಕಾರಣ. ಯಾವುದೊಂದಿದ್ದರೆ ಕಾರ್ಯ ನಡೆದೇ ತೀರುತ್ತದೆಯೋ ಅದು ಸಾಕಾಗುವ ಕಾರಣ. ಬೀಜವಿಲ್ಲದೆ ಗಿಡವಿಲ್ಲ, ಆದರೆ ಬೀಜವೊಂದೇ ಗಿಡವಾಗದು, ನೆಲವೂ ಬೇಕು. ಕ್ಷಯದ ರೋಗಾಣು ಬೀಜವಿದ್ದಂತೆ. ಅದಕ್ಕೆ ನೆಲವನ್ನು ಹದ ಮಾಡಿಕೊಡುವ ಸಂಗತಿಗಳು ಹಲವಿವೆ: ಎಚ್‌ಐವಿ ಸೋಂಕು, ಸಕ್ಕರೆ ಕಾಯಿಲೆ, ಮದ್ಯಪಾನ, ತಂಬಾಕು. ನಮ್ಮ ದೇಶದಲ್ಲಿ ಇವೆಲ್ಲಕ್ಕಿಂತ ಮುಂದೆ ನಿಲ್ಲುವುದು ಅಪೌಷ್ಟಿಕತೆ, ಅಂದರೆ ಬಹುಕಾಲ ಹೊಟ್ಟೆಗೆ ಸಾಲದ ಊಟ. ಕನ್ನಡದಲ್ಲಿ ಕ್ಷಯ ಎಂದರೆ ಸವೆಯುವುದು, ಕ್ಷೀಣಿಸುವುದು. ರೋಗ ಬಂದರೆ ದೇಹ ಸವೆಯುತ್ತದೆ ಎಂಬುದನ್ನು ಹಿರಿಯರು ಬಲ್ಲರು. ಮೊದಲೇ ಸವೆದ ದೇಹಕ್ಕೆ ರೋಗ ಬೇಗ ಬರುತ್ತದೆ ಎಂಬುದು ಅದರ ಇನ್ನೊಂದು ಮುಖ.

ಮದ್ರಾಸಿನ ಪಾಠ

ಹಿಂದೆ ಈ ರೋಗಕ್ಕೆ ಔಷಧವೇ ಇರಲಿಲ್ಲ. ಆಗ ಸ್ಯಾನಿಟೋರಿಯಂಗಳಲ್ಲಿ ವಿಶ್ರಾಂತಿ, ಶುದ್ಧ ಗಾಳಿ ಮತ್ತು ಒಳ್ಳೆಯ ಊಟವೇ ಚಿಕಿತ್ಸೆಯಾಗಿತ್ತು. ಔಷಧಗಳು ಬಂದ ಮೇಲೆ ಹೊಸ ಪ್ರಶ್ನೆ ಎದ್ದಿತು. ಬಡ ರೋಗಿಗಳನ್ನೆಲ್ಲ ತಿಂಗಳುಗಟ್ಟಲೆ ಸ್ಯಾನಿಟೋರಿಯಂನಲ್ಲಿ ಇಡಲೇಬೇಕೇ? ಇದನ್ನು ಮದ್ರಾಸಿನ ಕ್ಷಯರೋಗ ಔಷಧ ಚಿಕಿತ್ಸಾ ಕೇಂದ್ರದಲ್ಲಿ ಪರೀಕ್ಷಿಸಿದರು. 1959ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಒಂದು ಗುಂಪಿನ ರೋಗಿಗಳು ಸ್ಯಾನಿಟೋರಿಯಂನಲ್ಲಿ ಒಳ್ಳೆಯ ಊಟದೊಂದಿಗೆ ಔಷಧ ಪಡೆದರು. ಇನ್ನೊಂದು ಗುಂಪಿನವರು ತಮ್ಮ ಇಕ್ಕಟ್ಟಾದ ಮನೆಗಳಲ್ಲಿ, ತಮ್ಮ ಬಡ ಊಟದಲ್ಲಿಯೇ ಅದೇ ಔಷಧ ಪಡೆದರು. ಗುಣವಾಗುವುದರಲ್ಲಿ ಎರಡು ಗುಂಪುಗಳಿಗೂ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ.

ಇದರಿಂದ ಜಗತ್ತಿಗೆ ದೊಡ್ಡ ಉಪಕಾರವಾಯಿತು. ಲಕ್ಷಾಂತರ ಬಡವರು ಮನೆಬಿಟ್ಟು ಹೋಗದೆ ಚಿಕಿತ್ಸೆ ಪಡೆಯುವಂತಾಯಿತು. ಆದರೆ ಸರಿಯಾದ ಒಂದು ಉತ್ತರದಿಂದ ಜನ ತಪ್ಪಾದ ಇನ್ನೊಂದು ತೀರ್ಮಾನಕ್ಕೂ ಬಂದರು. "ಮನೆಯಲ್ಲಿದ್ದೂ ಔಷಧದಿಂದ ಗುಣವಾಗುತ್ತದೆ" ಎಂಬುದು ಕಾಲಕ್ರಮದಲ್ಲಿ "ಊಟ ಮುಖ್ಯವಲ್ಲ" ಎಂದಾಯಿತು. ಮದ್ರಾಸಿನ ಅಧ್ಯಯನ ಕೇಳಿದ ಪ್ರಶ್ನೆ ಎಲ್ಲಿ ಚಿಕಿತ್ಸೆ ಕೊಡಬೇಕು ಎಂಬುದು. ಹಸಿದವನಿಗೆ ಊಟ ಕೊಟ್ಟರೆ ಏನಾಗುತ್ತದೆ, ಅವನ ಹೆಂಡತಿ ಮಕ್ಕಳಿಗೆ ಊಟ ಕೊಟ್ಟರೆ ಏನಾಗುತ್ತದೆ ಎಂಬುದು ಬೇರೆಯೇ ಪ್ರಶ್ನೆ. ಅದಕ್ಕೆ ಸ್ಪಷ್ಟ ಉತ್ತರ ಸಿಗಲು ಅರವತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು.

ಜಾರ್ಖಂಡಿನ ಅಧ್ಯಯನ

ಆ ಉತ್ತರವನ್ನು ಹುಡುಕಿದವರಲ್ಲಿ ಮುಂದಾಳುಗಳು ನಮ್ಮ ಮಂಗಳೂರಿನ ದೇರಳಕಟ್ಟೆಯಲ್ಲಿರುವ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ. ಅವರೊಂದಿಗೆ ಕೈಜೋಡಿಸಿದ್ದು ಚೆನ್ನೈನ ರಾಷ್ಟ್ರೀಯ ಕ್ಷಯರೋಗ ಸಂಶೋಧನಾ ಸಂಸ್ಥೆ. ಹಿಂದಿನ ಮದ್ರಾಸಿನ ಕೇಂದ್ರವೇ ಇಂದು ಈ ಹೆಸರಿನಲ್ಲಿ ಬೆಳೆದು ನಿಂತಿದೆ ಎಂಬುದು ಗಮನಾರ್ಹ.

ಅಧ್ಯಯನ ನಡೆದದ್ದು ಜಾರ್ಖಂಡಿನ ನಾಲ್ಕು ಜಿಲ್ಲೆಗಳಲ್ಲಿ, 2019ರಿಂದ 2022ರವರೆಗೆ. 2,800 ಕ್ಷಯರೋಗಿಗಳು ಮತ್ತು ಅವರ ಮನೆಗಳ 10,345 ಜನರು ಅದರಲ್ಲಿ ಸೇರಿದ್ದರು. ಬಹುಪಾಲು ಆದಿವಾಸಿಗಳು. ಚಿಕಿತ್ಸೆ ಆರಂಭಿಸುವಾಗ ಐವರು ರೋಗಿಗಳಲ್ಲಿ ನಾಲ್ವರ ತೂಕ ಇರಬೇಕಾದುದಕ್ಕಿಂತ ಕಡಿಮೆ ಇತ್ತು.

ಎಲ್ಲ ರೋಗಿಗಳಿಗೂ ಔಷಧದ ಜೊತೆಗೆ ಆರು ತಿಂಗಳು ತಿಂಗಳಿಗೆ 10 ಕಿಲೋ ಆಹಾರದ ಬುಟ್ಟಿ ದೊರೆಯಿತು: ಅಕ್ಕಿ, ಹುರಿಗಡಲೆ ಹಿಟ್ಟು, ಹಾಲಿನ ಪುಡಿ ಮತ್ತು ಎಣ್ಣೆ. ವ್ಯತ್ಯಾಸವಿದ್ದುದು ಮನೆಯವರ ವಿಷಯದಲ್ಲಿ. 28 ಕ್ಷಯ ಘಟಕಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಲಾಗಿತ್ತು. ಒಂದು ಗುಂಪಿನಲ್ಲಿ ರೋಗಿಗೆ ಮಾತ್ರ ಬುಟ್ಟಿ. ಇನ್ನೊಂದು ಗುಂಪಿನಲ್ಲಿ ಮನೆಯ ಪ್ರತಿಯೊಬ್ಬ ವಯಸ್ಕನಿಗೂ ತಿಂಗಳಿಗೆ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ ಮತ್ತು ವಿಟಮಿನ್ ಮಾತ್ರೆಗಳು.

ಫಲಿತಾಂಶ 2023ರ ಆಗಸ್ಟ್‌ನಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಗಳಲ್ಲಿ ಪ್ರಕಟವಾಯಿತು. ಆಹಾರ ಸಿಗದ ಮನೆಗಳ 4,724 ಜನರಲ್ಲಿ 122 ಮಂದಿಗೆ ಕ್ಷಯ ಬಂದಿತ್ತು. ಆಹಾರ ಸಿಕ್ಕ ಮನೆಗಳ 5,621 ಜನರಲ್ಲಿ ರೋಗ ಬಂದದ್ದು 96 ಮಂದಿಗೆ. ಎಲ್ಲ ಲೆಕ್ಕ ಹಾಕಿದಾಗ, ಆಹಾರ ದೊರೆತ ಮನೆಗಳಲ್ಲಿ ಹೊಸ ರೋಗಿಗಳ ಪ್ರಮಾಣ ನೂರಕ್ಕೆ 39ರಷ್ಟು ತಗ್ಗಿತ್ತು. ಇತರರಿಗೆ ಹರಡಬಲ್ಲ, ಕಫ ಪರೀಕ್ಷೆಯಲ್ಲಿ ಖಚಿತಪಡುವ ಶ್ವಾಸಕೋಶದ ಕ್ಷಯವಂತೂ ನೂರಕ್ಕೆ 48ರಷ್ಟು ತಗ್ಗಿತ್ತು. ಸುಮಾರು 30 ಕುಟುಂಬಗಳಿಗೆ ಆಹಾರ ಕೊಟ್ಟರೆ ಒಬ್ಬರನ್ನು ರೋಗದಿಂದ ತಪ್ಪಿಸಬಹುದು ಎಂದು ಸಂಶೋಧಕರು ಲೆಕ್ಕ ಮಾಡಿದ್ದಾರೆ. ಅಕ್ಕಿಬೇಳೆಗೆ ಇಂಥ ಶಕ್ತಿ ಇದೆ ಎಂದರೆ ನಾವು ಅದನ್ನು ಬರೀ ದಾನವೆಂದು ಕರೆಯಲಾಗದು.

ತೂಕದ ಯಂತ್ರ ಹೇಳುವ ಸತ್ಯ

ಇದೇ ಅಧ್ಯಯನದಿಂದ ಇನ್ನೊಂದು ವಿಷಯವೂ ತಿಳಿದುಬಂತು. ಚಿಕಿತ್ಸೆಯ ಮೊದಲ ಎರಡು ತಿಂಗಳಲ್ಲಿ ಯಾವ ರೋಗಿಗಳ ತೂಕ ನೂರಕ್ಕೆ ಐದರಷ್ಟು ಹೆಚ್ಚಿತೋ ಅವರಲ್ಲಿ ಸಾವಿನ ಅಪಾಯ ನೂರಕ್ಕೆ 61ರಷ್ಟು ಕಡಿಮೆಯಾಗಿತ್ತು. 40 ಕಿಲೋ ತೂಕದ ರೋಗಿಗೆ ನೂರಕ್ಕೆ ಐದು ಎಂದರೆ ಕೇವಲ ಎರಡು ಕಿಲೋ. ಆ ಎರಡು ಕಿಲೋ ಬದುಕಿಗೂ ಸಾವಿಗೂ ನಡುವೆ ನಿಲ್ಲಬಲ್ಲದು.

ಹಾಗಾದರೆ ತೂಕ ಎಷ್ಟಿರಬೇಕು? ತೂಕವನ್ನು ಕಿಲೋದಲ್ಲಿ ತೆಗೆದುಕೊಂಡು, ಮೀಟರಿನಲ್ಲಿ ಅಳೆದ ಎತ್ತರದಿಂದ ಎರಡು ಬಾರಿ ಭಾಗಿಸಿದಾಗ ಬರುವ ಸಂಖ್ಯೆ 18.5ಕ್ಕಿಂತ ಕಡಿಮೆಯಿದ್ದರೆ ವಯಸ್ಕರಲ್ಲಿ ಅದು ಅಪೌಷ್ಟಿಕತೆ. ಸುಲಭವಾಗಿ ಹೇಳುವುದಾದರೆ, 160 ಸೆಂಟಿಮೀಟರ್ ಎತ್ತರದವರು ಸುಮಾರು 47 ಕಿಲೋಗಿಂತ, 150 ಸೆಂಟಿಮೀಟರ್ ಎತ್ತರದವರು ಸುಮಾರು 42 ಕಿಲೋಗಿಂತ ಕಡಿಮೆ ಇರಬಾರದು.

ದಾದಿಯರ ಶಿಕ್ಷಣದಲ್ಲಿ ಊಟದ ಸ್ಥಾನ

ಆಧುನಿಕ ದಾದಿ ಶಿಕ್ಷಣಕ್ಕೆ ತಳಹದಿ ಹಾಕಿದ ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲಿ ಬರೆದ 'ನೋಟ್ಸ್ ಆನ್ ನರ್ಸಿಂಗ್' ಪುಸ್ತಕದಲ್ಲಿ ರೋಗಿಯ ಊಟಕ್ಕೆಂದೇ ಎರಡು ಅಧ್ಯಾಯಗಳನ್ನು ಮೀಸಲಿಟ್ಟಿದ್ದಾರೆ. ಆಹಾರ ಸಾಕಷ್ಟಿದ್ದರೂ ಅದನ್ನು ಯಾವ ಹೊತ್ತಿಗೆ, ಯಾವ ರೀತಿ ಕೊಡಬೇಕೆಂದು ಗಮನಿಸುವವರಿಲ್ಲದೆ ರೋಗಿಗಳು ಸೊರಗುತ್ತಾರೆ ಎಂಬುದು ಅವರ ಎಚ್ಚರಿಕೆ. ನಮ್ಮ ಬಿ.ಎಸ್‌ಸಿ. ನರ್ಸಿಂಗ್ ಪಠ್ಯಕ್ರಮದಲ್ಲಿಯೂ ಪೌಷ್ಟಿಕಾಂಶ ಮತ್ತು ಪಥ್ಯಾಹಾರ ಮೊದಲ ವರ್ಷದಲ್ಲಿಯೇ ಬರುವ ವಿಷಯ. ಆದರೆ ಪರೀಕ್ಷೆಗೆ ಓದಿದ್ದು ವಾರ್ಡಿನವರೆಗೆ, ರೋಗಿಯ ಮನೆಯವರೆಗೆ ತಲುಪಬೇಕು.

ತಲುಪಿದರೆ ಏನಾಗುತ್ತದೆ ಎಂಬುದಕ್ಕೆ ಶ್ರೀಮಂತ ದೇಶವಾದ ಸ್ವಿಟ್ಜರ್ಲೆಂಡ್ ಸಾಕ್ಷಿ. ಅಲ್ಲಿನ ಎಂಟು ಆಸ್ಪತ್ರೆಗಳಲ್ಲಿ, ಬೇರೆ ಬೇರೆ ಕಾಯಿಲೆಗಳಿಂದ ದಾಖಲಾಗಿ ಅಪೌಷ್ಟಿಕತೆಯ ಅಪಾಯದಲ್ಲಿದ್ದ 2,088 ರೋಗಿಗಳ ಮೇಲೆ ನಡೆದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಜನರಿಗೆ ಆಸ್ಪತ್ರೆಯ ಮಾಮೂಲು ಊಟ. ಉಳಿದವರಿಗೆ ಒಬ್ಬೊಬ್ಬರ ಅಗತ್ಯ ನೋಡಿ ಯೋಜಿಸಿದ ಊಟ. ಮೂವತ್ತು ದಿನಗಳಲ್ಲಿ ಮೊದಲ ಗುಂಪಿನಲ್ಲಿ ನೂರಕ್ಕೆ 10 ಮಂದಿ ತೀರಿಕೊಂಡರೆ, ಎರಡನೆಯ ಗುಂಪಿನಲ್ಲಿ ನೂರಕ್ಕೆ 7 ಮಂದಿ.

ಆದುದರಿಂದ ಕ್ಷಯರೋಗಿಯ ಮನೆಗೆ ಹೋಗುವ ದಾದಿ ಅಥವಾ ಆಶಾ ಕಾರ್ಯಕರ್ತೆ "ಮಾತ್ರೆ ತೆಗೆದುಕೊಂಡಿರಾ?" ಎಂದು ಕೇಳಿ ಹಿಂದಿರುಗಿದರೆ ಕೆಲಸ ಅರ್ಧವಾದಂತೆ. "ನಿನ್ನೆ ಏನು ಊಟ ಮಾಡಿದಿರಿ? ಈ ತಿಂಗಳು ತೂಕ ಎಷ್ಟು? ಮನೆಯಲ್ಲಿ ಎಷ್ಟು ಜನ? ಎಲ್ಲರಿಗಿಂತ ಕೊನೆಗೆ ಊಟಕ್ಕೆ ಕೂರುವವರು ಯಾರು?" ಎಂಬ ಪ್ರಶ್ನೆಗಳೂ ಬೇಕು. ನಮ್ಮ ಎಷ್ಟೋ ಕುಟುಂಬಗಳಿಂದ ಹೆಣ್ಣುಮಕ್ಕಳು ನರ್ಸಿಂಗ್ ಓದಲು ಹೋಗುತ್ತಾರೆ. ಅವರು ಈ ನಾಲ್ಕು ಪ್ರಶ್ನೆಗಳನ್ನು ಮರೆಯದಿರಲಿ.

ಕೊನೆಯ ಪ್ರಶ್ನೆ ಬಹಳ ಮುಖ್ಯ. ದುಡಿಯುವ ತಂದೆ ಹಾಸಿಗೆ ಹಿಡಿದರೆ ಸಂಪಾದನೆ ನಿಲ್ಲುತ್ತದೆ. ಇರುವ ಸ್ವಲ್ಪದಲ್ಲಿ ಅವನಿಗೆ ಹಾಲು, ಮೊಟ್ಟೆ ಮೀಸಲಾಗುತ್ತದೆ. ಅದು ನ್ಯಾಯವೇ. ಆದರೆ ಅದು ಯಾರ ತಟ್ಟೆಯಿಂದ ಬಂತು? ಬಹಳಷ್ಟು ಸಲ ತಾಯಿಯ ತಟ್ಟೆಯಿಂದ. ರೋಗಾಣುವಿಗೆ ಅತಿ ಹತ್ತಿರದಲ್ಲಿದ್ದು ರೋಗಿಯ ಸೇವೆ ಮಾಡುವವಳೂ ಅವಳೇ, ಅರೆಹೊಟ್ಟೆಯಲ್ಲಿ ಮಲಗುವವಳೂ ಅವಳೇ. ತಾಯಿಯ ಈ ತ್ಯಾಗವನ್ನು ಹೊಗಳಿ ಸುಮ್ಮನಾಗುವುದು ಸುಲಭ. ಅವಳ ತಟ್ಟೆ ತುಂಬುವುದೇ ಅವಳಿಗೆ ಸಲ್ಲಬೇಕಾದ ಗೌರವ.

ಮನೆಯವರು ತಿಳಿಯಬೇಕಾದದ್ದು

ಮೊದಲನೆಯದಾಗಿ, ಊಟ ಎಷ್ಟೇ ಚೆನ್ನಾಗಿರಲಿ, ಅದು ಔಷಧದ ಬದಲಿಯಲ್ಲ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆ. ಒಂದೆರಡು ತಿಂಗಳಲ್ಲಿ ಚೇತರಿಕೆ ಕಂಡಿತೆಂದು ಮಾತ್ರೆ ನಿಲ್ಲಿಸಬಾರದು. ಎರಡು ವಾರಕ್ಕಿಂತ ಹೆಚ್ಚು ಕೆಮ್ಮು, ಸಂಜೆಯ ಜ್ವರ, ತೂಕ ಇಳಿಯುವುದು ಕಂಡರೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ ಪರೀಕ್ಷೆ ಮಾಡಿಸಬೇಕು. ಒಬ್ಬರಿಗೆ ರೋಗವಿದ್ದರೆ ಮನೆಯ ಎಲ್ಲರೂ ಪರೀಕ್ಷೆ ಮಾಡಿಸಿಕೊಳ್ಳಬೇಕು. ರೋಗವಿಲ್ಲದವರಿಗೆ ರೋಗ ಬಾರದಂತೆ ಕೊಡುವ ಔಷಧವೂ ಇದೆ.

ಎರಡನೆಯದಾಗಿ, ಈ ರೋಗ ಹರಡುವುದು ಗಾಳಿಯಿಂದ. ತಟ್ಟೆ ಲೋಟಗಳಿಂದ ಹರಡುವುದಿಲ್ಲ. ರೋಗಿಗೆ ಬೇರೆ ತಟ್ಟೆ ಇಟ್ಟು ಮೂಲೆಯಲ್ಲಿ ಕೂರಿಸುವುದರಿಂದ ರೋಗ ತಡೆಯಲಾಗದು, ಮನಸ್ಸು ಮಾತ್ರ ನೋಯುತ್ತದೆ. ಕಿಟಕಿ ತೆರೆದಿಡಿ, ಕೆಮ್ಮುವಾಗ ಬಾಯಿಗೆ ಬಟ್ಟೆ ಅಡ್ಡ ಹಿಡಿಯಲಿ.

ಮೂರನೆಯದಾಗಿ, ಪಥ್ಯದ ಹೆಸರಿನಲ್ಲಿ ಮೊಟ್ಟೆ "ಉಷ್ಣ", ಮೊಸರು "ಶೀತ" ಎಂದು ಒಂದೊಂದನ್ನೇ ನಿಲ್ಲಿಸಿ ರೋಗಿಯನ್ನು ಗಂಜಿಗೆ ಇಳಿಸಬೇಡಿ. ಸಕ್ಕರೆ ಕಾಯಿಲೆಯಂಥ ತೊಂದರೆಯಿದ್ದರೆ ವೈದ್ಯರ ಮಾತು ಕೇಳಿ. ಇಲ್ಲವಾದರೆ ರಾಗಿ, ಹೆಸರುಕಾಳು, ಹುರುಳಿ, ಕಡಲೆಕಾಯಿ, ನುಗ್ಗೆಸೊಪ್ಪು, ಹಾಲು, ಮೊಟ್ಟೆ, ತಾಜಾ ಮೀನು ಎಲ್ಲವೂ ಒಳ್ಳೆಯವೇ. ದುಬಾರಿ ಡಬ್ಬಿಯ ಪುಡಿಗಳೇ ಆಗಬೇಕೆಂದಿಲ್ಲ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, 100 ಗ್ರಾಂ ಕಡಲೆಕಾಯಿ ಬೀಜದಲ್ಲಿ ಸುಮಾರು 25 ಗ್ರಾಂ ಪ್ರೋಟೀನ್ ಇರುತ್ತದೆ. ಔಷಧದಿಂದ ಹೊಟ್ಟೆ ತೊಳಸಿದರೆ ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಕೊಡಿ.

ನೆರೆಹೊರೆಯವರ ಪಾಲು

ನಿಕ್ಷಯ್ ಪೋಷಣ್ ಯೋಜನೆಯಡಿ 2018ರಿಂದ ರೋಗಿಗಳಿಗೆ ಚಿಕಿತ್ಸೆಯ ಅವಧಿಯಲ್ಲಿ ತಿಂಗಳಿಗೆ 500 ರೂಪಾಯಿ ಬ್ಯಾಂಕ್ ಖಾತೆಗೆ ಬರುತ್ತಿತ್ತು. 2024ರ ನವೆಂಬರ್‌ನಿಂದ ಅದನ್ನು 1,000 ರೂಪಾಯಿಗೆ ಏರಿಸಲಾಗಿದೆ. ಖಾತೆ ಮತ್ತು ಕಾಗದಪತ್ರ ಸರಿಯಿಲ್ಲದವರಿಗೆ ಓದುಬರಹ ಬಲ್ಲ ನೆರೆಯವರು ನೆರವಾಗಬಹುದು. 2022ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ನಿಕ್ಷಯ್ ಮಿತ್ರ ಏರ್ಪಾಡಿನಲ್ಲಿ ಯಾವುದೇ ವ್ಯಕ್ತಿ ಅಥವಾ ಸಂಘ, ರೋಗಿಯೊಬ್ಬರಿಗೆ ಕನಿಷ್ಠ ಆರು ತಿಂಗಳು ಆಹಾರದ ಬುಟ್ಟಿ ಕೊಡುವ ಹೊಣೆ ಹೊರಬಹುದು. ಈಗ ರೋಗಿಯ ಮನೆಯವರನ್ನೂ ಇದರಲ್ಲಿ ಸೇರಿಸಿಕೊಳ್ಳಲಾಗಿದೆ. ನಮ್ಮ ಮಹಿಳಾ ಸಂಘಗಳೂ ಯುವಜನ ಸಂಘಗಳೂ ಹಬ್ಬದ ದಿನ ಒಮ್ಮೆ ಹಣ್ಣು ಹಂಚಿ ಬರುವ ಬದಲು, ಒಂದೇ ಕುಟುಂಬವನ್ನಾದರೂ ಆರು ತಿಂಗಳು ಬಿಡದೆ ನೋಡಿಕೊಳ್ಳಲಿ. ರೋಗಿಯ ಒಪ್ಪಿಗೆ ಪಡೆದು, ಹೆಸರನ್ನು ಪ್ರಚಾರ ಮಾಡದೆ, ಸದ್ದಿಲ್ಲದೆ ನಡೆಯಬೇಕಾದ ಕೆಲಸವಿದು.

ಒಂದೇ ಸೂರಿನಡಿ ಒಂದೇ ಗಾಳಿ ಉಸಿರಾಡುವ ಐವರಿಗೆ ಐದು ತುಂಬಿದ ತಟ್ಟೆಗಳು ದೊರೆಯಲಿ. ಎಷ್ಟೋ ಮನೆಗಳಲ್ಲಿ ಎರಡನೆಯ ರೋಗಿಯೇ ಇರುವುದಿಲ್ಲ.

ಮನೆಯಲ್ಲಿ ಕೂಡಿ ಚರ್ಚಿಸಲು

1. ನಮ್ಮ ಮನೆಯಲ್ಲಿ ಎಲ್ಲರಿಗಿಂತ ಕೊನೆಗೆ ಊಟ ಮಾಡುವವರು ಯಾರು? ಅವರ ಪಾಲಿಗೆ ಏನು ಉಳಿದಿರುತ್ತದೆ?

2. ಕಾಯಿಲೆಯವರಿಗೆ ನಾವು ನಿಲ್ಲಿಸುವ ಆಹಾರಗಳು ಯಾವುವು? ವೈದ್ಯರು ಹೇಳಿದ್ದಕ್ಕೆ ನಿಲ್ಲಿಸಿದ್ದೇವೆಯೇ, ಯಾರೋ ಹೇಳಿದ್ದಕ್ಕೆ ನಿಲ್ಲಿಸಿದ್ದೇವೆಯೇ?

3. ನಮ್ಮ ಕೇರಿಯಲ್ಲಿ ಕ್ಷಯರೋಗಕ್ಕೆ ಚಿಕಿತ್ಸೆ ಪಡೆಯುತ್ತಿರುವ ಕುಟುಂಬಕ್ಕೆ, ಅವರ ಮನಸ್ಸಿಗೆ ನೋವಾಗದಂತೆ, ನಾವು ಆರು ತಿಂಗಳು ಏನು ಮಾಡಬಲ್ಲೆವು?