ಹಿರೇಗುಡ್ಡದ ಹಳೇ ಊರು ಪರದೆಯ ಮೇಲೆ

ಬಳ್ಳಾರಿ ಪಕ್ಕದ ಸಂಗನಕಲ್ಲು–ಕಪ್ಪಗಲ್ಲು ಗುಡ್ಡಗಳ ಮೇಲೆ ಸುಮಾರು 4,000 ವರ್ಷಗಳ ಹಿಂದೆ ಜನ ವಾಸವಿದ್ದರು. ದನ, ಕುರಿ ಸಾಕಿದರು, ಹುರುಳಿ, ಹೆಸರು, ಕಿರುಧಾನ್ಯ ಬೆಳೆದರು, ಅವುಗಳಲ್ಲೊಂದಾದ ಹಿರೇಗುಡ್ಡದ ಡೋಲರೈಟ್ ಕಲ್ಲಿನಿಂದ ಕೊಡಲಿಗಳನ್ನು ರಾಶಿ ರಾಶಿ ತಯಾರಿಸಿದರು. ಈಚಿನ ಕಲ್ಲು ಕ್ವಾರಿಗಳು ಗುಡ್ಡದ ಮೈಯನ್ನೇ ತಿಂದಿವೆ. ಹಾಗಾಗಿ ಆ ಊರನ್ನು ಕಂಪ್ಯೂಟರಿನಲ್ಲಿ ಮತ್ತೆ ಕಟ್ಟುವವರು ಗುಡಿಸಲಿನಿಂದಲ್ಲ, ಗುಡ್ಡದಿಂದ ಶುರು ಮಾಡಬೇಕು.

ಮೊದಲು ನೆಲ. ಇಸ್ರೋದ ಭುವನ್ ತಾಣದಲ್ಲಿ ಉಪಗ್ರಹ ಕಾರ್ಟೊಸ್ಯಾಟ್‌ನ ಎತ್ತರದ ದತ್ತಾಂಶ ಉಚಿತವಾಗಿ ಸಿಗುತ್ತದೆ. ಅದನ್ನು ಕ್ಯೂಜಿಐಎಸ್ ತಂತ್ರಾಂಶದಲ್ಲಿ ತೆರೆಯಿರಿ. ಕ್ವಾರಿಗೆ ಮುಂಚಿನ ರೂಪ ಬೇಕಾದರೆ 1960–72ರ ನಡುವೆ ಅಮೆರಿಕದ ಕೊರೊನಾ ಬೇಹು ಉಪಗ್ರಹಗಳು ತೆಗೆದ ಚಿತ್ರಗಳನ್ನು ಹುಡುಕಿ. ಅವನ್ನು 1995ರಲ್ಲೇ ಸಾರ್ವಜನಿಕಗೊಳಿಸಲಾಗಿದೆ. ಆದರೆ 30 ಮೀಟರಿಗೊಂದು ಬಿಂದುವಿರುವ ಎತ್ತರದ ದತ್ತಾಂಶದಲ್ಲಿ ಬಂಡೆ, ಜಗಲಿ ಯಾವುದೂ ಕಾಣದು. ಅದಕ್ಕೆ ಕ್ಯಾಮೆರಾ ಬೇಕು.

ಪುರಾತತ್ವ ಇಲಾಖೆಯ ಅನುಮತಿ ಪಡೆದು, ಮೋಡ ಕವಿದ ದಿನ ನೋಡಿ ಹೋಗಿ. ಬಂಡೆಯ ಸುತ್ತ ನಡೆಯುತ್ತ, ಒಂದು ಚಿತ್ರದ ಮುಕ್ಕಾಲು ಪಾಲು ಮುಂದಿನದರಲ್ಲೂ ಬರುವಂತೆ ಕ್ಲಿಕ್ಕಿಸಿ. ಅಳತೆಪಟ್ಟಿಯೊಂದು ಚೌಕಟ್ಟಿನಲ್ಲಿರಲಿ. ಡ್ರೋನ್ ಹಾರಿಸುವವರು ಹಾರಾಟಕ್ಕೆ ಅನುಮತಿ ಇರುವ ವಲಯಗಳ ಸರ್ಕಾರಿ ನಕ್ಷೆ ನೋಡಲೇಬೇಕು. ಬಂಡೆಗಳ ಮೇಲೆ ಕುಟ್ಟಿ ಮೂಡಿಸಿದ ಹಳೆಯ ಚಿತ್ರಗಳಿಗೆ ಮಾತ್ರ ಬೆಳಗಿನ ಓರೆಬಿಸಿಲು ಒಳ್ಳೆಯದು. ಗೆರೆ ಎದ್ದು ಕಾಣಲೆಂದು ಸೀಮೆಸುಣ್ಣ ಬಳಿಯುವವರಿದ್ದಾರೆ, ದಯವಿಟ್ಟು ಆ ಕೆಲಸ ಬೇಡ. ಚಿತ್ರಗಳನ್ನೆಲ್ಲ ಫೋಟೊಗಳಿಂದ ಮಾದರಿ ಕಟ್ಟುವ ತಂತ್ರಾಂಶ ಮೆಶ್‌ರೂಮ್‌ಗೆ ಕೊಟ್ಟರೆ ಮೂರು ಆಯಾಮದ ಬಂಡೆ ಸಿದ್ಧ.

ಇಲ್ಲಿ ಬಡಿದರೆ ಗಂಟೆಯಂತೆ ದನಿಗೊಡುವ ಬಂಡೆಗಳೂ ಇವೆ. ಬಹಳ ಮಂದಿ ಕಣ್ಣಿಗೆ ಕಾಣುವುದನ್ನಷ್ಟೇ ಮರುಸೃಷ್ಟಿಸಿ ಸುಮ್ಮನಾಗುತ್ತಾರೆ. ತಜ್ಞರ ಸಮ್ಮುಖದಲ್ಲಿ ಆ ನಾದ ಧ್ವನಿಮುದ್ರಿಸಿ ಮಾದರಿಯ ಅದೇ ಜಾಗದಲ್ಲಿ ಕೂರಿಸಿ. ಹತ್ತಿರ ಹೋದಂತೆ ದೊಡ್ಡದಾಗಿ, ದೂರ ಸರಿದಂತೆ ಸಣ್ಣದಾಗಿ ಕೇಳುವ ವ್ಯವಸ್ಥೆ ಗೊಡೊ ಎಂಬ ಉಚಿತ ಗೇಮ್ ಎಂಜಿನ್‌ನಲ್ಲೇ ಇದೆ.

ಇನ್ನು ಮನೆಗಳು. ಇವಕ್ಕೆ ಬೇರೊಂದು ನೆಲೆಯ ಆಧಾರ ಪಡೆಯಬಹುದು. ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯಲ್ಲಿ ಪುರಾತತ್ವಜ್ಞ ಎಂ.ಎಸ್. ನಾಗರಾಜರಾವ್ 1960ರ ದಶಕದಲ್ಲಿ ನಡೆಸಿದ ಉತ್ಖನನದಲ್ಲಿ ದುಂಡನೆಯ ಮನೆಗಳ ನೆಲೆ ಸಿಕ್ಕಿದೆ. ಅವರ ವರದಿಯ ನಕ್ಷೆಗಳನ್ನು ಮೂರು ಆಯಾಮದ ತಂತ್ರಾಂಶ ಬ್ಲೆಂಡರ್‌ನಲ್ಲಿ ಹಾಸಿಕೊಂಡು ಗೋಡೆ ಎಬ್ಬಿಸಿ. ಚಾವಣಿ ಎಷ್ಟು ಎತ್ತರವಿತ್ತು? ಅದು ಊಹೆ. ಅಗೆದಾಗ ಸಿಕ್ಕಿದ್ದಕ್ಕೆ ಒಂದು ಬಣ್ಣ, ಬೇರೆ ನೆಲೆಗಳ ಆಧಾರದ ಮೇಲೆ ಸೇರಿಸಿದ್ದಕ್ಕೆ ಇನ್ನೊಂದು, ಬರೀ ಕಲ್ಪನೆಗೆ ಮತ್ತೊಂದು ಕೊಟ್ಟು, ನೋಡುಗರು ಗುಂಡಿ ಒತ್ತಿದರೆ ಅವು ಕಾಣುವಂತೆ ಮಾಡಿ. ಪರಂಪರೆಯ ಕಂಪ್ಯೂಟರ್ ಚಿತ್ರಣ ಕುರಿತ ಲಂಡನ್ ಚಾರ್ಟರ್ ಕೂಡ ಇಂಥ ಪಾರದರ್ಶಕತೆಯನ್ನೇ ಕೇಳುತ್ತದೆ. ಇದಿಲ್ಲದ ಮಾದರಿ ಎಷ್ಟೇ ಚೆಂದವಿರಲಿ, ಸಿನಿಮಾ ಸೆಟ್ಟು.

ಗಿಡ ನೆಡುವಾಗಲೂ ಎಚ್ಚರ. ಇಂದು ಎಲ್ಲೆಲ್ಲೂ ಹಬ್ಬಿರುವ ಬಳ್ಳಾರಿ ಜಾಲಿ ಅಮೆರಿಕ ಖಂಡದಿಂದ ಬಂದದ್ದು. ಪಾಪಾಸುಕಳ್ಳಿ, ಶೇಂಗಾ, ಮೆಕ್ಕೆಜೋಳವೂ ಅಷ್ಟೆ. ಎಲ್ಲವನ್ನೂ ಅಳಿಸಿ.

ಮೊಬೈಲಿನಲ್ಲಿ ಓಡುವಷ್ಟು ಹಗುರ ಮಾಡಿದ ಪ್ರತಿಯನ್ನು ಅಂತರ್ಜಾಲಕ್ಕೆ ಏರಿಸಿ. ಮೂಲ ಛಾಯಾಚಿತ್ರಗಳನ್ನು ಮಾತ್ರ ಅಳಿಸಬೇಡಿ, ಒಂದು ಪ್ರತಿಯನ್ನು ಬಳ್ಳಾರಿಯ ರಾಬರ್ಟ್ ಬ್ರೂಸ್ ಫೂಟ್ ವಸ್ತುಸಂಗ್ರಹಾಲಯಕ್ಕೆ ಕೊಡಿ. ಕೆಲಸಕ್ಕೆ ಕೈ ಹಾಕುವ ಮುನ್ನವೇ ಒಮ್ಮೆ ಅಲ್ಲಿಗೆ ಹೋಗಿ ಕಲ್ಲಿನ ಕೊಡಲಿಗಳನ್ನು ನೋಡಿಬರುವುದು ಇನ್ನೂ ಒಳ್ಳೆಯದು.