ಹಾಸ್ಯಗಾರ, ಭಾಗವತ ಮತ್ತು ಪ್ರೇಕ್ಷಕ: ಮಲೆನಾಡಿನ ಯಕ್ಷಗಾನ ಹಾಸ್ಯದ ಒಂದು ಅವಲೋಕನ

ಒಬ್ಬನೇ ಕಲಾವಿದ ಪ್ರೇಕ್ಷಕರನ್ನು ಮಾತಿಗೆಳೆದು, ಅವರ ಉತ್ತರದಿಂದಲೇ ಮುಂದಿನ ನಗೆಯನ್ನು ಹುಟ್ಟಿಸುವ ಸ್ಟ್ಯಾಂಡ್-ಅಪ್ ಕಾಮಿಡಿ ಇಂದು ನಗರಗಳಲ್ಲಿ ಜನಪ್ರಿಯವಾಗಿದೆ. ಅದರ ರೂಪ ಪಶ್ಚಿಮದಿಂದ ಬಂದದ್ದು. ಆದರೆ ಪ್ರೇಕ್ಷಕನನ್ನು ಹಾಸ್ಯದೊಳಕ್ಕೆ ತರುವ ಕ್ರಮ ಭಾರತೀಯ ರಂಗಭೂಮಿಗೆ ಹೊಸದಲ್ಲ. ಕೇರಳದ ಚಾಕ್ಯಾರ್ ಕೂತ್ತಿನಲ್ಲಿ ಕಲಾವಿದ ಸಭಿಕರನ್ನೇ ನೇರವಾಗಿ ಗೇಲಿಮಾಡಬಲ್ಲ. ಸಭಿಕರು ಮರುಮಾತಾಡಬಾರದೆಂಬುದು ಅಲ್ಲಿನ ಸಂಪ್ರದಾಯ. ವರದಹಳ್ಳಿಯನ್ನೊಳಗೊಂಡ ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಜನರಿಗೆ ಪರಿಚಿತವಾದ ಬಡಗುತಿಟ್ಟು ಯಕ್ಷಗಾನದಲ್ಲಿ ಈ ಸಂಬಂಧದ ಸ್ವರೂಪ ಬೇರೆ.

ಯಕ್ಷಗಾನ ಪ್ರಸಂಗಗಳಲ್ಲಿ ಮುಖ್ಯವಾಗಿ ದೊರೆಯುವುದು ಪದ್ಯಗಳು; ಅರ್ಥಗಾರಿಕೆ ರಂಗದಲ್ಲಿ ಆಶುವಾಗಿ ಮೂಡುತ್ತದೆ. ರಾಜರೂ ಋಷಿಗಳೂ ಗ್ರಾಂಥಿಕ ಭಾಷೆಯನ್ನಾಡಿದರೆ ದೂತ, ವನಪಾಲಕ ಮುಂತಾದ ವೇಷಗಳ ಹಾಸ್ಯಗಾರ ಆಡುಮಾತಿಗಿಳಿಯುತ್ತಾನೆ. ‘ಭೀಷ್ಮವಿಜಯ’ದಲ್ಲಿ ಅಂಬೆಯನ್ನು ಸಾಲ್ವನಲ್ಲಿಗೆ ಕರೆದೊಯ್ಯುವ ವೃದ್ಧ ಬ್ರಾಹ್ಮಣನ ಪಾತ್ರ ಇದಕ್ಕೆ ಉತ್ತಮ ನಿದರ್ಶನ. ಕಥೆಯ ದೃಷ್ಟಿಯಿಂದ ಅದೊಂದು ಕಾಡುದಾರಿಯ ಪಯಣವಷ್ಟೆ. ಆದರೆ ಆ ದಾರಿಯಲ್ಲಿ ಊರಿನ ರಸ್ತೆ, ಅಡಿಕೆಯ ಧಾರಣೆ, ಮದುವೆಮನೆಯ ಊಟ ಎಲ್ಲವೂ ಎದುರಾಗಬಹುದು.

ಇಲ್ಲಿ ಭಾಗವತನ ಪಾತ್ರ ಗಮನಾರ್ಹ. ಹಾಸ್ಯಗಾರನನ್ನು ತಡೆದು ಪ್ರಶ್ನಿಸುವ ಭಾಗವತ, ಸಭೆಯ ಸಂದೇಹವನ್ನು ಸಭೆಯ ಪರವಾಗಿ ಕೇಳುತ್ತಾನೆ. ಸ್ಟ್ಯಾಂಡ್-ಅಪ್‌ನಲ್ಲಿ ಮುಂದಿನ ಸಾಲಿನಲ್ಲಿ ಕುಳಿತ ವ್ಯಕ್ತಿ ಒಂಟಿಯಾಗಿ ನಗೆಗೆ ಗುರಿಯಾಗಬಹುದು. ಯಕ್ಷಗಾನದಲ್ಲಿ ಆ ಭಾರವನ್ನು ಭಾಗವತ ಹೊರುತ್ತಾನೆ. ಪ್ರೇಕ್ಷಕರು ಮಾತಾಡದಿದ್ದರೂ ಅವರ ನಗೆ ಮತ್ತು ಮೌನಗಳು ಸಂಭಾಷಣೆಯನ್ನು ಹಿಗ್ಗಿಸುತ್ತವೆ ಇಲ್ಲವೇ ಮೊಟಕುಗೊಳಿಸುತ್ತವೆ. ಈ ಅರ್ಥದಲ್ಲಿ ಅವರು ಹಾಸ್ಯದ ಸಹಕರ್ತೃಗಳು.

ಆದರೆ ಈ ನಗೆ ಯಾವಾಗಲೂ ನಿರಪಾಯಕಾರಿಯಲ್ಲ. ಹವ್ಯಕರ ನುಡಿಯಾಗಲಿ ದೀವರ ಆಡುಮಾತಾಗಲಿ ರಂಗಕ್ಕೆ ಬಂದಾಗ ಅದು ಆತ್ಮೀಯತೆಯ ಗುರುತಾಗಬಹುದು, ಅವಹೇಳನವೂ ಆಗಬಹುದು. ಆ ನುಡಿಯನ್ನಾಡುವವರೇ ನಕ್ಕಾಗ ಹುಟ್ಟುವ ಅರ್ಥ ಒಂದು. ಅವರು ಸುಮ್ಮನಿದ್ದು ಉಳಿದವರು ನಕ್ಕಾಗ ಹುಟ್ಟುವ ಅರ್ಥ ಇನ್ನೊಂದು. ಮಾತು ಅದೇ ಆಗಿದ್ದರೂ ಅದರ ಮೌಲ್ಯವನ್ನು ನಿರ್ಧರಿಸುವುದು ಸಭೆ.

ಶಿವರಾಮ ಕಾರಂತರ ಯಕ್ಷಗಾನ ಪ್ರಯೋಗಗಳಲ್ಲಿ ಮಾತು ಹಿಂದೆ ಸರಿದು ನೃತ್ಯ, ಸಂಗೀತಗಳು ಪ್ರಧಾನವಾದವು. ಭಾಷೆಯ ಗಡಿಯನ್ನು ದಾಟಲು ಅದು ನೆರವಾಯಿತಾದರೂ ಸ್ಥಳೀಯ ಹಾಸ್ಯಕ್ಕೆ ಅಲ್ಲಿ ಅವಕಾಶ ಕಿರಿದಾಯಿತು. ಕಾಲಮಿತಿಯ ಆಟಗಳಲ್ಲಿಯೂ ಇಡೀ ರಾತ್ರಿಯ ಆಟಕ್ಕಿದ್ದ ವಿರಾಮ ಉಳಿಯುವುದಿಲ್ಲ. ಹಾಗಾಗಿ ಹಾಸ್ಯದ ದಾಖಲಾತಿ ತುರ್ತಿನ ಕಾರ್ಯ.

ಈ ದಾಖಲಾತಿಗೆ ಮುದ್ರಿತ ಪ್ರಸಂಗ ಸಾಲದು. ರಂಗದತ್ತ ಮಾತ್ರ ತಿರುಗಿಸಿದ ಕ್ಯಾಮೆರಾವೂ ಸಾಲದು. ಆಟ ನಡೆದ ಊರು, ನೆರೆದ ಜನವರ್ಗ, ಯಾವ ಮಾತಿಗೆ ಯಾರು ನಕ್ಕರು, ಯಾರು ನಗಲಿಲ್ಲ ಎಂಬ ವಿವರಗಳು ಕ್ಷೇತ್ರಕಾರ್ಯದಲ್ಲಿ ಸೇರಬೇಕು. ನಗದವರ ಮೌನವನ್ನು ಬಿಟ್ಟು ಬರೆದ ಹಾಸ್ಯದ ಚರಿತ್ರೆ ಅರ್ಧ ಸಭೆಯ ಚರಿತ್ರೆ ಮಾತ್ರ ಆದೀತು.