ಹೇಳುವುದಿದ್ದರೆ ನೆಲದ ಮೇಲೇ ಹೇಳು

ಪುಟ್ಟೀ, ಜಕ್ಕೂರಿನಲ್ಲಿ ಹಾರಾಟ ಕಲಿತವಳು ಈಗ ಫಸ್ಟ್ ಆಫೀಸರ್ ಆಗಿದ್ದೀಯ. ಹೆಣ್ಣುಮಗಳ ಹತ್ತಿರ ಕುಡಿತದ ಮಾತು ಯಾಕೆ ಅಂತ ಮನೆಯವರು ಸುಮ್ಮನಿದ್ದಾರೆ. ವಿಮಾನ ಹಾರಿಸಿಯೇ ತಲೆ ನರೆತ ದೊಡ್ಡಪ್ಪ ನಾನು, ಸುಮ್ಮನಿರಲಾರೆ.

ಡ್ಯೂಟಿಗೆ ಮುಂಚಿನ 12 ಗಂಟೆ ಒಂದು ತೊಟ್ಟೂ ಮುಟ್ಟಬಾರದು, ಊದಿದಾಗ ಯಂತ್ರ ಸೊನ್ನೆಯನ್ನೇ ತೋರಿಸಬೇಕು: ಡಿಜಿಸಿಎ ನಿಯಮ ಇಷ್ಟೇ. ತುಂಬಾ ಜನ ಆ ಹನ್ನೆರಡನ್ನು ಹಿಡಿದುಕೊಂಡು ಸೊನ್ನೆಯನ್ನು ಮರೆಯುತ್ತಾರೆ. 100 ಮಿಲಿಲೀಟರ್ ರಕ್ತದಲ್ಲಿ ಗಂಟೆಗೆ ಇಳಿಯುವುದು ಸುಮಾರು 15 ಮಿಲಿಗ್ರಾಂ ಮದ್ಯ. ಪಾರ್ಟಿಯಲ್ಲಿ 200ಕ್ಕೆ ಏರಿಸಿಕೊಂಡವನ ಮೈಯಲ್ಲಿ 12 ಗಂಟೆಯ ನಂತರವೂ ಅದು ಉಳಿದಿರುತ್ತದೆ. ಸ್ಟ್ರಾಂಗ್ ಕಾಫಿ, ತಣ್ಣೀರು ಸ್ನಾನ ಯಾವುದಕ್ಕೂ ಅದು ಬಗ್ಗುವುದಿಲ್ಲ. ರಕ್ತ ಶುದ್ಧವಾದ ಮೇಲೂ ಒಳಗಿವಿಯ ಸಮತೋಲ ಗಂಟೆಗಟ್ಟಲೆ ಏರುಪೇರಾಗಿರುತ್ತದೆ. ಮೋಡದೊಳಗೆ, ದಿಗಂತವೇ ಕಾಣದಾಗ, ಅದು ಎಂಥ ಅಪಾಯ ಅಂತ ನಿನಗೆ ಬಿಡಿಸಿ ಹೇಳಬೇಕಿಲ್ಲ. ಮದ್ಯಸಾರ ಇರುವ ಮೌತ್‌ವಾಶನ್ನೂ ದೂರವಿಡು. ಒಮ್ಮೆ ಸಿಕ್ಕಿಬಿದ್ದರೆ ಲೈಸೆನ್ಸ್ ಮೂರು ತಿಂಗಳು ಅಮಾನತು, ಎರಡನೇ ಸಲ ಮೂರು ವರ್ಷ, ಮೂರನೇ ಸಲ ರದ್ದು.

ನಿನ್ನ ಬಗ್ಗೆ ನನಗೆ ಭಯವಿಲ್ಲ. ನನ್ನ ಚಿಂತೆಯೆಲ್ಲ ನಿನ್ನ ಎಡಗಡೆ ಸೀಟಿನಲ್ಲಿ ಕೂರುವ ಕ್ಯಾಪ್ಟನ್‌ಗಳದು.

1977ರ ಜನವರಿ 13ರಂದು ಜಪಾನ್ ಏರ್‌ಲೈನ್ಸ್‌ನ ಡಿಸಿ-8 ಸರಕು ವಿಮಾನವೊಂದು ದನಗಳನ್ನು ತುಂಬಿಕೊಂಡು ಅಲಾಸ್ಕದ ಆಂಕರೇಜ್‌ನಿಂದ ಹೊರಟಿತು. ಅಮೆರಿಕದ ಕ್ಯಾಪ್ಟನ್‌ಗೆ 53 ವರ್ಷ. ಕೋ-ಪೈಲಟ್, ಎಂಜಿನಿಯರ್ ಇಬ್ಬರೂ ಜಪಾನಿನ ಕಿರಿಯರು. ಕ್ಯಾಪ್ಟನ್ ಕುಡಿದಿದ್ದಾರೆಂದು ಕರೆತಂದ ಟ್ಯಾಕ್ಸಿ ಚಾಲಕನಿಗೇ ಅನುಮಾನ ಬಂದು, ಅವನು ತನ್ನ ಕಚೇರಿಗೆ ತಿಳಿಸಿದ್ದ. ಜೊತೆಗೆ ಕೂತವರು ತಡೆಯಲಿಲ್ಲ. ಮೇಲೆದ್ದ ಸ್ವಲ್ಪ ಹೊತ್ತಿಗೇ ವಿಮಾನ ಸ್ಟಾಲ್ ಆಗಿ ಬಿತ್ತು; ಅದರಲ್ಲಿದ್ದ ಐವರೂ ಸತ್ತರು. ಕ್ಯಾಪ್ಟನ್‌ರ 100 ಮಿಲಿಲೀಟರ್ ರಕ್ತದಲ್ಲಿ ಮದ್ಯ 300 ಮಿಲಿಗ್ರಾಂ ಆಸುಪಾಸಿನಲ್ಲಿತ್ತು. ಉಳಿದ ಸಿಬ್ಬಂದಿ ಅವರನ್ನು ತಡೆಯದೇ ಹೋದದ್ದನ್ನೂ ತನಿಖೆ ಕಾರಣಗಳಲ್ಲಿ ಸೇರಿಸಿತು. ಹಿರಿಯರ ಮುಂದೆ ತಗ್ಗಿ ನಡೆ ಅಂತಲೇ ನಿನ್ನನ್ನೂ ನಾವು ಬೆಳೆಸಿದ್ದೇವೆ. ಕಾಕ್‌ಪಿಟ್‌ಗೆ ಆ ಸಂಸ್ಕಾರ ಬೇಡ ಮಗಳೇ.

ಮೇಲೆ ಹೋದಮೇಲೆ ಹೇಳಿದರಾಯಿತು ಅಂದುಕೊಳ್ಳಬೇಡ. 2010ರ ಮೇ 22ರ ಬಜ್ಪೆ ವಿಮಾನ ದುರಂತದಲ್ಲಿ ಮದ್ಯದ ಪ್ರಶ್ನೆಯಿರಲಿಲ್ಲ. ಆದರೆ ಇಳಿಯುವುದು ಬೇಡ, ಗೋ ಅರೌಂಡ್ ಮಾಡೋಣ ಅಂತ ಕೋ-ಪೈಲಟ್ ಹೇಳಿದ್ದರು. ಆ ಮಾತು ನಡೆಯಲಿಲ್ಲ, 158 ಜನ ಹೋದರು.

ಇಲ್ಲಿಂದ ಹೊರಡುವಾಗ ಹಾರುವ ಮೊದಲೇ ಬಿಎ ಟೆಸ್ಟ್, ಅಂದರೆ ಆ ಊದುವ ಪರೀಕ್ಷೆ, ಇದೆ. ಹೊರದೇಶದಿಂದ ಮರಳುವಾಗ ಪರೀಕ್ಷೆ ಮಾಡುವುದು ಭಾರತದಲ್ಲಿ ಮೊದಲು ಇಳಿದ ನಿಲ್ದಾಣದಲ್ಲಿ, ಅಂದರೆ ಪ್ರಯಾಣಿಕರನ್ನು ಹೊತ್ತು ತಂದಾದ ಮೇಲೆ. ಲೇಓವರ್ ಮುಗಿಸಿ ಹೋಟೆಲ್ ಲಾಬಿಯಲ್ಲಿ ನಿಂತಾಗ ವಾಸನೆ ಬಡಿದರೆ, ಮಾತು ತೊದಲಿದರೆ, ಅದು ನಿನ್ನ ಕಣ್ಣಿಗಷ್ಟೇ ಬಿದ್ದಿರಬಹುದು. ಅವರನ್ನು ಪಕ್ಕಕ್ಕೆ ಕರೆದು, 'ಸರ್, ಇವತ್ತು ಹುಷಾರಿಲ್ಲ ಅಂತ ತಿಳಿಸಿಬಿಡಿ, ನಾನು ಜೊತೆಯಲ್ಲಿ ಹಾರಲಾರೆ' ಅನ್ನು. ಒಪ್ಪದಿದ್ದರೆ ಆಪರೇಷನ್ಸ್‌ಗೆ ಫೋನ್ ಮಾಡು, ಬಸ್ ಹತ್ತಬೇಡ. ವಿಮಾನ ತಡವಾಗುತ್ತದೆ, ಆಗಲಿ.

ಅವರ ಹೊಟ್ಟೆಯ ಮೇಲೆ ಹೊಡೆದೆ ಅನ್ನಿಸಿದರೆ ಇದನ್ನು ನೆನೆ. 1990ರ ಮಾರ್ಚ್‌ನಲ್ಲಿ ಅಮೆರಿಕದ ನಾರ್ತ್‌ವೆಸ್ಟ್ ಕಂಪನಿಯ ಮೂವರು ಪೈಲಟ್‌ಗಳು ರಾತ್ರಿ ಕುಡಿದು, ಬೆಳಿಗ್ಗೆ ಫಾರ್ಗೋದಿಂದ 91 ಪ್ರಯಾಣಿಕರನ್ನು ಮಿನಿಯಾಪೊಲಿಸ್‌ಗೆ ಒಯ್ದರು. ಇಳಿದ ಕೂಡಲೇ ಬಂಧನ, ಮುಂದೆ ಜೈಲು. ಅವರಲ್ಲಿ ಕ್ಯಾಪ್ಟನ್ ಲೈಲ್ ಪ್ರೌಸ್ ಚಟ ಬಿಟ್ಟರು, ಲೈಸೆನ್ಸ್‌ಗಳನ್ನೆಲ್ಲ ಮತ್ತೆ ಸಂಪಾದಿಸಿದರು, ಅದೇ ಕಂಪನಿಗೆ ಮರಳಿ 747ರ ಕ್ಯಾಪ್ಟನ್ ಆಗಿಯೇ ನಿವೃತ್ತರಾದರು.